ನಾನೂರು ಹೆಜ್ಜೆ

ಚಾಲ್ಬಿ ಮರಳುಗಾಡಿನ ಅಂಚಿಗೆ ಈ ಊರು.
ಒಂದೇ ಬೀದಿ, ಮೂರು ದಫ್ತರ.

ಎಲೆಮಾ ಮೇಷ್ಟ್ರದು ಮಳೆಯ ದಫ್ತರ:
ಬೆಳಿಗ್ಗೆ ಒಂಬತ್ತಕ್ಕೆ ಗಾಜಿನ ಕೊಳವೆ ಎತ್ತಿ
ಕಣ್ಣ ಮಟ್ಟಕ್ಕೆ ಹಿಡಿದು
ಸೊನ್ನೆ ಬರೆದು, ಸೊನ್ನೆಯ ಕೆಳಗೆ ರುಜು.
ಗಲ್ಗಾಲೊನದು ಕುರಿ, ಮೇಕೆ, ಒಂಟೆಯದು:
ಗೊರಸು, ಕೆಚ್ಚಲು, ಕಂದು ಹಾಕಿದ್ದು, ಸತ್ತದ್ದು.
ನನ್ನದು ಮನುಷ್ಯರದು.
ಜ್ವರ, ಹೆರಿಗೆ, ಹಾವು, ಮತ್ತೆ ಜ್ವರ.

ಈ ತುದಿಯಿಂದ ಆ ತುದಿಗೆ ನಾನೂರು ಹೆಜ್ಜೆ.
ಸಂಜೆ ಮೂವರೂ ಒಂದೇ ಅಂಗಡಿಯಲ್ಲಿ
ಒಂಟೆ ಹಾಲಿನ ಚಹಾ ಕುಡಿಯುತ್ತಿದ್ದೆವು.
ಫುಟ್‌ಬಾಲು, ಬಾರದ ಸಂಬಳ, ಸಕ್ಕರೆಯ ಬೆಲೆ.
ದಫ್ತರದ ಮಾತು ದಫ್ತರದಲ್ಲೇ.

ಆ ವರ್ಷ ಮರಳು ಕೆರೆಯಾಯಿತು.
ಎಲ್ಲಿಂದಲೋ ಗುಲಾಬಿ ಕಾಲಿನ ಹಕ್ಕಿಗಳು ಬಂದವು,
ಹುಲ್ಲು ಬಂತು, ಮದುವೆಗಳು ಬಂದವು.
ನೆಲದೊಳಗೂ ಒಂದು ದಫ್ತರವಿತ್ತು, ಯಾರೂ ಓದದ್ದು:
ಒಣಗಿದ ಕೆಸರಲ್ಲಿ ಸೊಳ್ಳೆಯ ಮೊಟ್ಟೆಗಳು
ವರ್ಷಗಟ್ಟಲೆ ಉಸಿರು ಹಿಡಿದು
ಇದೇ ನೀರಿಗೆ ಕಾದಿದ್ದವು.

ಎಲೆಮಾ ಬರೆದ: ಕೊಳವೆ ತುಂಬಿ ಹೊರಚೆಲ್ಲಿದೆ.
ಗಲ್ಗಾಲೊ ಬರೆದ: ದಿರಾಮು ಹಟ್ಟಿಯಲ್ಲಿ ಒಂದೇ ರಾತ್ರಿ
ಮೂವತ್ತೊಂದು ಕುರಿ ಕಂದು ಹಾಕಿವೆ.
ನಾನು ಬರೆದೆ: ಜಿಲ್ಲೊ, ಹನ್ನೊಂದು ವರ್ಷ, ಜ್ವರ, ಮೂಗಿನಲ್ಲಿ ರಕ್ತ.
ಮಲೇರಿಯಾ ಎಂದುಕೊಂಡು ಮಾತ್ರೆ ಕೊಟ್ಟೆ.
"ಕುರಿ ಹೇಗಿವೆ?"
ಕೇಳಲಿಲ್ಲ. ಆ ಹಾಳೆಯಲ್ಲಿ ಅದಕ್ಕೆ ಜಾಗವಿರಲಿಲ್ಲ:
ಹೆಸರು, ವಯಸ್ಸು, ಲಿಂಗ, ತೂಕ.
ಸತ್ತ ಮರಿಗಳನ್ನು ತಾಯ ಹೊಟ್ಟೆಯಿಂದ ಎಳೆದ ಕೈ
ನನ್ನ ಕೈಯಲ್ಲೇ ಇತ್ತು, ನಾಡಿ ನೋಡುವಾಗ.
ತೊಳೆದುಕೊಂಡೇ ಬಂದಿದ್ದ, ಪಾಪ.

ಮಣ್ಣಾದ ಮೇಲೆ ಒಂದು ದಿನ ದಿರಾಮು ಬಂದಳು.
ಅಕ್ಷರ ಬಾರದವಳು. ಅಳಲಿಲ್ಲ.
"ಸೂಜಿಯವಳೇ, ನನ್ನ ಮಗನನ್ನು ಓದು" ಎಂದಳು.
ಓದಿದೆ.
ಪುಸ್ತಕ ನನ್ನ ಕಂಕುಳಿಗೆ ತುರುಕಿ, ಮೊಣಕೈ ಹಿಡಿದು
ಗಲ್ಗಾಲೊನ ಬಾಗಿಲಿಗೆ ಎಳೆದೊಯ್ದಳು: "ನನ್ನ ಕುರಿ ಓದು."
ಅಲ್ಲಿಂದ ಮೂವರನ್ನೂ ಹೊರಡಿಸಿ ಶಾಲೆಗೆ: "ಮಳೆ ಓದು."
ತಾರೀಖಿನ ಹತ್ತಿರ ಎಲೆಮಾನ ದನಿ ನಿಂತುಹೋಯಿತು.
ಮಳೆ. ಹತ್ತೊಂಬತ್ತು ದಿನ ಬಿಟ್ಟು ಕುರಿ.
ಐದು ದಿನ ಬಿಟ್ಟು ಮಗ.
ಬೆರಳು ಮಡಿಸುತ್ತಿದ್ದಳು ದಿರಾಮು.
"ಇಪ್ಪತ್ತನಾಲ್ಕು ದಿನ ಇತ್ತಲ್ಲ ನಿಮ್ಮ ಹತ್ತಿರ."

ಈಗ ಗುರುವಾರ ಗುರುವಾರ ಅದೇ ಅಂಗಡಿ;
ಸಕ್ಕರೆಯ ಬೆಲೆಗೆ ಮೊದಲು ದಫ್ತರ.
ದೂರದ ಬಾವಿಗಳಿಂದ ದನಗಾಹಿಗಳು ಫೋನು ಮಾಡುತ್ತಾರೆ.
ಗುಡ್ಡ ಹತ್ತಿದರಷ್ಟೇ ಸಿಗ್ನಲ್, ಹಾಗಾಗಿ
ಸುದ್ದಿ ಏದುಸಿರು ಬಿಡುತ್ತಲೇ ಬರುತ್ತದೆ:
ಒಂಟೆ ಕೆಮ್ಮುತ್ತಿದೆ. ಹೆಣಕ್ಕೆ ಹದ್ದು ಇಳಿಯುತ್ತಿಲ್ಲ.
ಅರ್ಧಕ್ಕರ್ಧ ಸುಳ್ಳು. ಎಪ್ಪತ್ತು ಕಿಲೋಮೀಟರ್
ಬೈಕು ಓಡಿಸಿ ಗಲ್ಗಾಲೊ ಹೋಗಿ ನೋಡಿದರೆ
ಮುಳ್ಳು ಚುಚ್ಚಿದ ಒಂದು ಮೇಕೆ.
ನಗೆಪಾಟಲಾದೆವು.
ಮೇಲಿನ ಕಚೇರಿ ಇನ್ನೂ ಕೇಳುತ್ತಿದೆ:
ಈ ವರದಿ ಯಾವ ಇಲಾಖೆಗೆ ಸೇರಿದ್ದು?

ದಿರಾಮು ಆಳದ ಬಾವಿಯ ಮಾತು ಹೇಳುತ್ತಾಳೆ.
ಎಂಟು ಜನ ಒಬ್ಬರ ಮೇಲೊಬ್ಬರು ನಿಂತು
ತೊಗಲಿನ ಬಕೇಟು ದಾಟಿಸುವಾಗ
ತಳದವನಿಗೆ ಒಂಟೆ ಕಾಣದು, ಮೇಲಿನವನಿಗೆ ನೀರು ಕಾಣದು.
ನಡುವಿನವನು ಮಾಡಬೇಕಾದ್ದು ಇಷ್ಟೇ:
ಕೈ ಖಾಲಿ ಇಟ್ಟುಕೊಂಡಿರುವುದು.
"ಸ್ವಲ್ಪ ಚೆಲ್ಲುತ್ತದೆ," ಎನ್ನುತ್ತಾಳೆ. "ಚೆಲ್ಲಲಿ."

ನಿನ್ನೆ ರಾತ್ರಿ ತಗಡಿನ ಮೇಲೆ ಶುರುವಾಯಿತು.
ಎರಡು ಗಂಟೆಗೆ ಎಲೆಮಾನ ಫೋನು. ಒಂಬತ್ತಕ್ಕೆ ಕಾಯಲಿಲ್ಲ ಅವನು.
ಎದ್ದು ಲಾಟೀನು ಹಚ್ಚಿ, ಅಚ್ಚಾದ ಹಾಳೆಯ ಪಕ್ಕ
ಕೈಯಿಂದಲೇ ಇನ್ನೊಂದು ಗೆರೆ ಎಳೆದು ಬರೆದೆ:
ನಿನ್ನ ಕುರಿ ಹೇಗಿವೆ?
ಗೆರೆ ಸೊಟ್ಟಗಾಯಿತು.
ಹೊರಗೆ ಕತ್ತಲಲ್ಲಿ
ಕೆಸರು ಮೆಲ್ಲಗೆ ಉಸಿರು ಬಿಡುತ್ತಿತ್ತು.