ಹಾಕದೆ ಉಳಿದ ಸ್ಪ್ರಿಂಗು

ತಿಂಗಳಿಗೊಂದು ಗುರುವಾರ ಅಡಿಲೇಡಿನ ರೈಲಿಳಿದು
ಪೋರ್ಟ್ ಪಿರೀಗೆ ಬರುತ್ತಿದ್ದರು ಡಾಕ್ಟರ್ ಪೆಂಗೆಲಿ,
ಸೀಸದ ಕುಲುಮೆಯ ಬೂದಿ ಕೋಟಿಗೆ ಕೂರುವ ಮೊದಲೇ
ಬಾಗಿಲು ಹಾಕಿಬಿಡಮ್ಮ ಎನ್ನುತ್ತ.

ನಾನು ಬಲೆ ಹೆಣೆಯುವವನ ಮಗಳು.
ಗಂಟು ಬಿಗಿಯುವ ಬೆರಳೆಂದೇ ಕೆಲಸ ಸಿಕ್ಕಿತು:
ಮೂರ್ನಾಲ್ಕು ಕೂದಲು ಸೇರಿಸಿದಷ್ಟು ದಪ್ಪದ ತಂತಿ,
ಇಕ್ಕಳದ ಮೊನೆಗೆ ಸುತ್ತಿ, ತಿರುಚಿ,
ಮುಂದಿನ ನಾಲ್ಕು ಹಲ್ಲಿಗೆ ನಾಲ್ಕು ಪುಟ್ಟ ಕಾಲು.
ಹಟಮಾರಿ ತಂತಿ. ಅವಸರಿಸಿದರೆ
ಪಟ್ಟನೆ ಮುರಿದು ಗೋಡೆಗೆ ಹಾರುತ್ತಿತ್ತು.
ಮೊದಲ ತಿಂಗಳು ಹನ್ನೊಂದು ಮುರಿದೆ.
ಆ ಕಾಲು ಊರಬೇಕಾದದ್ದು ಒಸಡಿನ ಅಂಚಿಗೇ,
ಅಕ್ಕಿಕಾಳಿನಷ್ಟು ಕೆಳಗೆ ಜಾರಿದರೂ ಮಾಡಿದ್ದೆಲ್ಲ ದಂಡ.

ಸೇವೇರಿಯೋನ ಮಗ ಕೊರ್ರಾಡೋ. ಹದಿನಾಲ್ಕು ವರ್ಷ.
ಬಂದಾಗ ಉಬ್ಬುಹಲ್ಲು, ತುಟಿ ಮುಚ್ಚುತ್ತಿರಲಿಲ್ಲ.
ಹದಿನೈದು ತಿಂಗಳಿಗೆ ತುಟಿಗೆ ತುಟಿ ತಾಗಿತು;
ಆ ದಿನ ಅವನ ತಾಯಿ ಹಳೇ ಪೇಪರಿನಲ್ಲಿ ಸುತ್ತಿ
ಹತ್ತು ವೈಟಿಂಗ್ ಮೀನು ತಂದಿಟ್ಟಳು, ಕಣ್ಣು ಒದ್ದೆ.

ಡಾಕ್ಟರು ಮಾತ್ರ ಅವನ ಮೇಲ್ತುಟಿ ಎತ್ತಿ
ನನ್ನ ಬೆರಳನ್ನು ಅಲ್ಲಿಟ್ಟರು. ನೋಡು.
ಒಸಡಿನಡಿ ನಾಲ್ಕು ಉಬ್ಬು,
ಕಂಬಳಿಯೊಳಗೆ ಮಡಚಿದ ಮಂಡಿಯ ಹಾಗೆ.
ತುದಿ ಒಳಗೆ ಸರಿದಿದೆ, ಬೇರು ಬರಲೊಲ್ಲದು.
ಕಾಲು ಮುಂದೆ ಚಾಚಿ ಹಿಂದಕ್ಕೊರಗಿ ಕೂತಿವೆ ಹಲ್ಲು,
ಪಾಳಿ ಮುಗಿಸಿ ಬಾರಿನಲ್ಲಿ ಕೂತ ಗಂಡಸರಂತೆ.

ಇನ್ನು ತುದಿಯನ್ನು ನಿಂತಲ್ಲೇ ನಿಲ್ಲಿಸಿ
ಬೇರನ್ನಷ್ಟೇ ನಡೆಸಬೇಕು, ಎಲುಬಿನೊಳಗೆ.
ಹೋಗುವ ದಾರಿಯಲ್ಲಿ ಎಲುಬು ಕರಗುತ್ತದೆ,
ಬಿಟ್ಟ ಜಾಗದಲ್ಲಿ ಮತ್ತೆ ಕಟ್ಟಿಕೊಳ್ಳುತ್ತದೆ.
ತಿಂಗಳಿಗೆ ಒಂದು ಡಿಗ್ರಿ, ಹೆಚ್ಚೆಂದರೆ ಎರಡು.
ಕನ್ನಡಿಗೆ ಏನೂ ತಿಳಿಯುವುದಿಲ್ಲ.

"ಎಷ್ಟು ದಿನ?" ಎಂದ ಸೇವೇರಿಯೋ.
"ಎಂಟು ತಿಂಗಳು."
ತೊಡೆಯ ಮೇಲಿನ ಟೋಪಿಯನ್ನು ಎರಡು ಸಲ ತಿರುಗಿಸಿದ.
"ಹಲ್ಲು ನೆಟ್ಟಗಿದೆ. ಕಾಣದ್ದಕ್ಕೆ ನಾನೇಕೆ ದುಡ್ಡು ಕೊಡಲಿ?"

ಡಾಕ್ಟರಿಗೆ ನಮ್ಮ ಮಾತು ಬಾರದು. ಭಾಷಾಂತರ ನನ್ನದು.
ಬೇರಿನ ಕೋನ ಎನ್ನುವುದಕ್ಕೆ
ಮನೆಯ ಮಾತಿನಲ್ಲಿ ನನಗೆ ಶಬ್ದ ಹೊಳೆಯಲಿಲ್ಲ.
ಜೆಟ್ಟಿಯ ಕಂಬ ಎನ್ನಬಹುದಿತ್ತು,
ಮೇಲೆ ನೆಟ್ಟಗೆ ಕಂಡು ಬುಡ ಓರೆಯಾದದ್ದು,
ದೋಣಿ ಕಟ್ಟುವವನಿಗೆ ಅಷ್ಟು ಸಾಕಿತ್ತು.
ಎನ್ನಲಿಲ್ಲ. ಹತ್ತೊಂಬತ್ತರ ಹುಡುಗಿ, ಅಪ್ಪನ ಗೆಳೆಯನೆದುರು.
"ಇನ್ನೂ ಸ್ವಲ್ಪ ಕೆಲಸ ಇದೆಯಂತೆ," ಎಂದೆ.
"ಸ್ವಲ್ಪ ತಾನೆ," ಎಂದ ಅವನು. "ಇರಲಿ ಬಿಡು."

ಬಿಚ್ಚಿದೆವು. ಹುಡುಗ ಬೋಳು ಹಲ್ಲ ಮೇಲೆ
ನಾಲಿಗೆ ಆಡಿಸಿಕೊಂಡು ನಕ್ಕ,
ಮೆಟ್ಟಿಲಲ್ಲೇ ಸೇಬು ಕಚ್ಚಿದ ಸದ್ದು ಕೇಳಿತು.
ಡಾಕ್ಟರು ಕೈ ತೊಳೆದರು, ಬಹಳ ಹೊತ್ತು.

ಅರವತ್ತು ದಾಟಿದ ಕೊರ್ರಾಡೋ ಈಗ ಮೀನಂಗಡಿಯಲ್ಲಿ
ನಗು ಬಂದರೆ ಬಾಯಿಗೆ ಕೈ ಅಡ್ಡ ಹಿಡಿಯುತ್ತಾನೆ.
ಹಲ್ಲಿಗೋ, ಬರೀ ಅಭ್ಯಾಸಕ್ಕೋ, ನಾನು ಕೇಳಿಲ್ಲ.
ನನಗೆ ಮಾತ್ರ ತೂಕದ ಮೇಲೆ ಒಂದು ಮೀನು ಹೆಚ್ಚೇ ಹಾಕುತ್ತಾನೆ.

ಅವನಿಗೆಂದು ಹಿಂದಿನ ರಾತ್ರಿಯೇ ಬಗ್ಗಿಸಿಟ್ಟ ಸ್ಪ್ರಿಂಗು
ಹೊಗೆಸೊಪ್ಪಿನ ಡಬ್ಬಿಯಲ್ಲಿದೆ, ಅಂಗಿಗುಂಡಿಗಳ ಜೊತೆ.
ಆಗಾಗ ಹೆಬ್ಬೆರಳಲ್ಲಿ ಒತ್ತಿ ನೋಡುತ್ತೇನೆ.
ನಾಲ್ಕೂ ಕಾಲು ಒಮ್ಮೆಗೇ ಎದುರೊತ್ತುತ್ತವೆ.
ತುಕ್ಕಿಲ್ಲ. ಸಡಿಲವಿಲ್ಲ.
ಎಂಟು ತಿಂಗಳಿಗಾಗುವಷ್ಟು ಬಲ
ಹಾಗೇ ಇದೆ.