ಯಾನೆ

ನಖೀಲಿನ ಮೀನಂಗಡಿ ದಾಟಿದರೆ ನಮ್ಮ ಟೈಪಿಂಗ್ ಸೆಂಟರು.
ಎರಡು ಕಂಪ್ಯೂಟರು, ಒಂದು ಝೆರಾಕ್ಸು,
ಹದಿನೈದು ದಿರ್ಹಮಿಗೆ ಜನರ ಹೆಸರು ನೆಟ್ಟಗೆ ಮಾಡುವ ನಾನು.

ಆಗಸ್ಟಿನ ಮಧ್ಯಾಹ್ನ. ಕತ್ತಿನ ಬೆವರೊರೆಸುತ್ತ ಬಂದ ಟೀಚರಮ್ಮ
ಹೆಸರು ಓದೀಲ್ ಅಂದಳು.
ಓದಿಲ್ಲವೇ, ಎಂದು ಒಳಗೊಳಗೇ ನಕ್ಕೆ.
ನಗು ಬಹಳ ಹೊತ್ತು ಉಳಿಯಲಿಲ್ಲ:
ಜನ್ಮಪತ್ರದಲ್ಲಿ ರೆನೋ, ಪಾಸ್‌ಪೋರ್ಟಿನಲ್ಲಿ ಸಾನ್‌ಸುಸಿ.
ವೀಸಾದ ಕಣ್ಣಿಗೆ ಇಬ್ಬರು ಹೆಂಗಸರು,
ಕುರ್ಚಿಯಲ್ಲಿ ಒಬ್ಬಳು.

"ಕೆಬೆಕ್ಕಿನಲ್ಲಿ ಹಾಗೇ," ಅಂದಳು.
"ಹುಟ್ಟಿದ ಗಂಡೆಲ್ಲ ಜೋಸೆಫ್, ಹೆಣ್ಣೆಲ್ಲ ಮರಿ.
(ನಮ್ಮಲ್ಲಿ ಮರಿ ಅಂದರೆ ಕುರಿಯದು. ಹೇಳಲಿಲ್ಲ.)
ಊರ ತುಂಬ ರೆನೋಗಳೇ ಆದಾಗ
ಗುರುತಿಗೊಂದು ಬಾಲ: ರೆನೋ 'ದಿ' ಸಾನ್‌ಸುಸಿ.
ಹಡಗಿಳಿದ ಮೊದಲ ಅಜ್ಜ ಸಿಪಾಯಿ,
ದಂಡಿನಲ್ಲಿ ಇಟ್ಟ ಹೆಸರಂತೆ. ಅರ್ಥ, ಚಿಂತೆಯಿಲ್ಲದವ.
ಮಕ್ಕಳಲ್ಲಿ ಕೆಲವರು ತಲೆ ಉಳಿಸಿಕೊಂಡರು,
ಕೆಲವರು ಬಾಲ."

ನನಗೇನು ಹೊಸದಲ್ಲ. ಗಜೇಂದ್ರಗಡದಲ್ಲಿ
ಮೆಣಸಿನಕಾಯಿಯವರ ಮಗಳನ್ನು ಬೆಲ್ಲದವರಿಗೆ ಕೊಟ್ಟಿದ್ದಾರೆ.
ಗಡಿಯಾರ ಮಾಸ್ತರು ಶಾಲೆಗೆ ಯಾವತ್ತೂ ತಡ.
ನಾನು ದಾವಲಸಾಬ ಉಪ್ಪಿನ.
ಉಪ್ಪು ಮಾರಿದವರು ಯಾರೋ, ಯಾರಿಗೂ ಗೊತ್ತಿಲ್ಲ;
ಅಪ್ಪ ಅದನ್ನು ಪಾವು ಪಾವು ಉದ್ರಿ ತಂದದ್ದು ಕಂಡಿದ್ದೇನೆ.
ಆ ಸಿಪಾಯಿಗೂ ರಾತ್ರಿ ನಿದ್ದೆ
ಬಂದಿರಲಿಕ್ಕಿಲ್ಲ ಬಿಡಿ.

ಫಾರಮ್ಮಿನಲ್ಲಿ 'ದಿ'ಗೆ ಮನೆಯಿಲ್ಲ.
ತರ್ಜುಮೆಯ ಇದ್ರೀಸ್ ಸುಡಾನಿನವ, ಅಡ್ಡಹೆಸರೇ ಇಲ್ಲದವ.
ತನ್ನದಕ್ಕೆ ಅಪ್ಪನದು, ಅಪ್ಪನದಕ್ಕೆ ಅಜ್ಜನದು ಗಂಟುಹಾಕುತ್ತ
ಏಳನೆಯವನ ತನಕ ಒಂದೇ ಉಸಿರಿಗೆ
ಬಾವಿ ಮೆಟ್ಟಿಲಿನಂತೆ ಇಳಿದುಬಿಡುತ್ತಾನೆ.
ಚಹಾ ಕೆಳಗಿಟ್ಟು ಅಂದ: ಬರೆ, "ಅಶ್ಶಹೀರಾ ಬಿ."
ಹೀಗೆಂದು ಹೆಸರಾದವಳು.

ಅರೆ, ಇದು ನಮ್ಮ ಖರೀದಿಪತ್ರದ ಯಾನೆ!
ಹೊಲದ ಕಾಗದದಲ್ಲಿ ಕಂಡದ್ದು:
ಸಣ್ಣಪ್ಪ ಯಾನೆ ಶಂಕರಪ್ಪ.
ಒಬ್ಬನನ್ನೇ ಇಬ್ಬರಾಗಿಸಿ ಮತ್ತೆ ಹೊಲಿಯುವ ಸೂಜಿ.

ಪ್ರಿಂಟರು ಬಿಸಿಯಾಗುವ ತನಕ ಫೋನಿನಲ್ಲಿ ತೋರಿಸಿದಳು,
ಹನ್ನೊಂದು ತಲೆಮಾರು.
ಗಂಡಸರನ್ನು ನಾನು ಓದಲಿಲ್ಲ.
ಹೆಂಗಸರು ಮದುವೆಯಾಗಿ, ಹದಿಮೂರು ಹೆತ್ತು,
ಹಿಮದಡಿ ಮಣ್ಣಾದರೂ
ಚರ್ಚಿನ ವಹಿಯಲ್ಲಿ ಒಬ್ಬೊಬ್ಬಳೂ
ತವರಿನ ಹೆಸರು ಹೊದ್ದೇ ಮಲಗಿದ್ದಾಳೆ.

ಅವಳು ಹೋದ ಮೇಲೆ ಊರಿಗೆ ಫೋನು ಹಚ್ಚಿದೆ.
ಫುಪ್ಪು, ಮುತ್ತಜ್ಜಿಯ ತವರಿನ ಅಡ್ಡಹೆಸರು ಏನು?
ಆ ಕಡೆ ಒಲೆಯ ಮೇಲೆ ಏನೋ ಸೀಯುತ್ತಿತ್ತು.
"ರೋಣದಾಕಿ ಅಂತಿದ್ರಪಾ ಎಲ್ಲಾರೂ.
ತವರಿಂದು ಯಾಂವ ಕೇಳ್ಯಾನ?
ಈಗ್ಯಾಕ ಬೇಕಾತು, ರೊಕ್ಕ ಏನರ ಬರೂದೈತೇನು?"

ಮುಚ್ಚುವ ಮೊದಲು ಒಂದು ಖಾಲಿ ಫಾರಮ್ಮು ತೆರೆದೆ.
ಮೊದಲ ಹೆಸರು, ಹುಸೇನಬಿ.
ಎರಡನೆಯದಕ್ಕೆ ಉಪ್ಪಿನ ಎಂದು ಹೊಡೆದು
ಅಳಿಸಿದೆ.
ರೋಣದಾಕಿ.
ಅದನ್ನೂ ಅಳಿಸಿದೆ.
ಪರದೆಯಲ್ಲಿ ಕೆಂಪು ನಕ್ಷತ್ರ ಮಿನುಗಿತು:
ಈ ಜಾಗ ಖಾಲಿ ಬಿಡುವಂತಿಲ್ಲ.

ಖೋರಿನ ಕಡೆಯಿಂದ ಉಪ್ಪುಗಾಳಿ. ಷಟರಿಗೆ ಕೈಹಚ್ಚಿ
ಇದ್ರೀಸ್ ನಿಂತಿದ್ದ.
ಇನ್ನೆರಡು ನಿಮಿಷ, ಅಂದೆ.