ತೊಟ್ಟು ಬಿಡಿಸಿದ ಬೆಳಕು

ಮಂಗಳವಾರ, ಶುಕ್ರವಾರ ನಾನು ಮೆಣಸಿನಕಾಯಿ ಮುಟ್ಟೂದಿಲ್ಲ.
ಹಿಂದಿನ ದಿನ ಸಂಜಿಕ ಕೈಗೆ ಶೇಂಗಾ ಎಣ್ಣಿ ಹಚ್ಚಿ,
ಕಡ್ಲಿಹಿಟ್ಟು ತಿಕ್ಕಿ, ಮಜ್ಜಗ್ಯಾಗ ಅದ್ದಿ,
ಬೆರಳು ಮೂಸಿ ನೋಡತೀನಿ.
ಇನ್ನೂ ಘಾಟು.
ಮತ್ತ ತೊಳೀತೀನಿ.

ಈ ಕೈ ಹಂಗ ಅವನ ಬೆನ್ನ ಮ್ಯಾಲ ಬಿದ್ರ
ಫಕೀರೇಶ ಅಳೂದಿಲ್ಲ, ಹಲ್ಲು ಕಚ್ಚತಾನ.
ಕಣ್ಣೀರೂ ಉರಿ ಅವನ ಗಲ್ಲಕ್ಕ.

ಬ್ಯಾಡಗಿಯಿಂದ ಹುಬ್ಬಳ್ಳಿಗೆ ಮುಂಜಾನಿ ಗಾಡಿ.
ಕಿಡಕಿ ಕಡೆ ಕುಂಡ್ರಸತೀನಿ, ಕೆಳಗ ಹಳೇ ಧೋತರ ಹಾಸಿ.
ಇಳಿದು ಝಾಡಿಸಿದ್ರ ಹೊಟ್ಟು ಹಾರತೈತಿ,
ಜ್ವಾಳ ತೂರಿದಂಗ.
ಒಮ್ಮೆ ಎದುರಿನಾಕಿ ಸೆರಗು ಎಳಕೊಂಡು ಕೇಳಿದ್ಲು:
"ಅಂಟತೈತೇನ ಇದು?"
ಏಳು ವರ್ಷದಾಂವ, ನನಗಿಂತ ಮೊದಲ ಹೇಳಿದ:
"ಇಲ್ಲರಿ. ಇದು ನಮ್ಮ ಮನೀದು."

ಯಾರು ಕಲಿಸಿದ್ರೋ.

ಡಾಕ್ಟರಬಾಯಿ ಹಾಳಿ ಮ್ಯಾಲ ಚೌಕ ಬರದಿದ್ರು, ಗುಂಡ ಬರದಿದ್ರು.
ಚೌಕ ಗಂಡಸರಂತ, ಗುಂಡ ಹೆಂಗಸರಂತ.
"ಲಗ್ನಕ್ಕ ಮೊದಲ ಅವರು ನಿಮಗೇನಾಗಬೇಕಿತ್ತು?"
"ಸ್ವಾದರಮಾವರಿ."
ನಡುವ ಒಂದು ಗೆರಿ ಇದ್ದಲ್ಲೆ
ಇನ್ನೊಂದು ಎಳದ್ರು. ಜೋಡಗೆರಿ.
ಬೈಲಿಲ್ಲ. ಬೈದಿದ್ರ ಚಲೋ ಇತ್ತು.
ಹಂದರದಾಗ ನಮ್ಮವ್ವ ಎಲ್ಲಾರ ಮುಂದ ಅಂದಿದ್ಲು,
ಮನಿ ಬಂಗಾರ ಮನ್ಯಾಗ ಉಳೀತು.
ಉಳೀತು.
ಆ ಹಾಳಿ ಅಕ್ಕಿ ಡಬ್ಬಿ ಕೆಳಗ ಐತಿ.
ಹಮಾಲಿಂದ ದಣದು ಬರೂ ಅವನಪ್ಪಗ
ಇನ್ನೂ ತೋರಿಸಿಲ್ಲ.

ಬೆಳಕಿನ ಖೋಲಿ ಅಂದ್ರ ಖೋಲಿ ಅಲ್ಲ,
ನಿಂತ ತಿಜೋರಿ. ಒಳಗ ಸುತ್ತೂ ಉದ್ದುದ್ದ ಕೊಳವಿ.
ಸುವಾರ್ತಾ ಸಿಸ್ಟರ್ ಕರೇ ಚಸ್ಮಾ ಹಾಕಿ ಒಳಗ ನಿಲ್ಲಸತಾಳ,
ಬಾಗಲಾ ಮುಚ್ಚತಾಳ.
ಸಂದ್ಯಾಗ ನೀಲಿ.

ಮೊದಲ ದಿನ ಇಪ್ಪತ್ತು ಸೆಕೆಂಡು.
ಇಪ್ಪತ್ತು ಸೆಕೆಂಡಿನ್ಯಾಗ ನಾನು
ಹನ್ನೆರಡು ಕಾಯಿ ತೊಟ್ಟು ಬಿಡಸತೀನಿ.
ಹನ್ನೆರಡು ಕಾಯಿಯಷ್ಟು ಬೆಳಕಿಗೆ ಒಂದಿನದ ಪಗಾರ ಬಿಟ್ಟು,
ಗಾಡಿ ಹತ್ತಿ, ಇಳಿದು, ಪಾಳಿ ಹಚ್ಚಿ.

ತಡಕೊಳ್ಳಾಕ ಆಗದ ಕೇಳೇಬಿಟ್ಟೆ:
"ನಮ್ಮೂರಾಗ ಬಿಸಲಿಗೇನು ಬರಾ ಐತ್ರಿ?
ಕಣದ ತುಂಬಾ ಹಾಸಿ ಬಿದ್ದಿರತೈತಿ, ಪುಕ್ಕಟ."
ಸಿಸ್ಟರ್ ನಕ್ಕಳು. "ಬಿಸಲಿನ್ಯಾಗ ಎಲ್ಲಾ ಕೂಡಿರತೈತಿ ಬೇ,
ಸುಡೂದೂ, ಕರಕ್ ಮಾಡೂದೂ.
ಇದು ಅದರಾಗಿನ ಒಂದ ಎಳಿ, ಆರಿಸಿ ತಗದದ್ದು."

ಹಂಗ ಅನ್ನಬಾರದ ಮೊದಲ.
ತೊಟ್ಟು ಬಿಡಿಸಿದ ಬೆಳಕು.

ಈಗ ಒಂದು ನಿಮಿಷ ಐವತ್ತಕ್ಕ ಬಂದೈತಿ.
ತಿಜೋರಿ ಒಳಗಿಂದ ಅವನ ದನಿ,
ಎಂಬತ್ತೊಂಬತ್ತು, ತೊಂಬತ್ತು,
ತೊಂಬತ್ತೊಂದು ಬಿಟ್ಟು ತೊಂಬತ್ತೆರಡು.
ಪೂರಾ ಹೋಗೂದಿಲ್ಲಂತ ಇದು.
ಬೇರು ಇರೂದ, ಉರಿ ಅಷ್ಟ ತಗ್ಗತೈತಂತ.
ನೂರಾಹತ್ತು! ಅಂತ ಒದರತಾನ,
ದೀಪ ಅವನ ಮಾತು ಕೇಳಿದಂಗ ಆರತೈತಿ.

ಹೋದ ಶುಕ್ರವಾರ ವಾಪಸ್ ಗಾಡ್ಯಾಗ
ಕುಂದಗೋಳಕ್ಕ ನಿದ್ದಿ ಹತ್ತಿತು.
ಯಲವಿಗಿ ದಾಟಿತು, ಕೆರಕೊಳ್ಳಲಿಲ್ಲ.
ಕರಜಗಿ ದಾಟಿತು.
ನಿದ್ದಿಗಣ್ಣಿನ್ಯಾಗ ನನ್ನ ಕೈ ಎಳಕೊಂಡು
ಗಲ್ಲದ ಕೆಳಗ ಇಟಗೊಂಡ.

ತೊಳದದ್ದು ಸರೀ ಆಗಿತ್ತೋ ಇಲ್ಲೋ.
ಉಗುರ ಸಂದ್ಯಾಗ ಏನರ ಉಳದಿತ್ತೋ.
ತಗದ್ರ ಎಚ್ಚರಾಗತಾನ.
ಬೆರಳು ಅಲುಗಿಸದ ಕುಂತೆ,
ಒಂದು, ಎರಡು, ಮೂರು...
ಹಾವೇರಿ ಬಂತು, ಮಂದಿ ಇಳಿದ್ರು.
ನಾನು ಇನ್ನೂ ಎಣಸಾಕತ್ತಿದ್ದೆ.